ಸವಳು ನೀರು, ಸೀಗಡಿಯ ಕಿವಿರು, ಒಂದು ಮೂಟೆ ಪೊಟ್ಯಾಷ್: ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಮಧುಗಿರಿ ತಾಲ್ಲೂಕಿನ ಕೃಷಿಕರು):

ನಮಸ್ಕಾರ. ಕಾಲು ಎಕರೆಯಷ್ಟು ಜಾಗದಲ್ಲಿ ಕೃಷಿ ಹೊಂಡ ತೋಡಿಸಿ ಕೊಳವೆಬಾವಿ ನೀರು ತುಂಬಿಸಿದ್ದೇನೆ. ನೀರು ಸವಳು. ಪ್ರಯೋಗಾಲಯದ ಚೀಟಿಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಲೀಟರಿಗೆ 2,100 ಮಿಲಿಗ್ರಾಂ ಎಂದು ಬರೆದಿದ್ದಾರೆ. ಈ ನೀರು ಅಡಿಕೆಗೆ ಒಗ್ಗಲಿಲ್ಲ. ಸೀಗಡಿ ಉಪ್ಪು ನೀರಿನ ಜೀವಿಯಲ್ಲವೇ, ಅದಕ್ಕಾದರೂ ಆಗಲಿ ಎಂದು ವನಾಮಿ ಎಂಬ ಜಾತಿಯ ಸೀಗಡಿ ಮರಿ ತರಿಸಿ ಬಿಟ್ಟೆ. ಬಿಟ್ಟ ದಿನ ಚುರುಕಾಗಿ ಓಡಾಡಿದವು. ಆಮೇಲೆ ಮೈ ಸೆಟೆದು, ಬಾಲ ಮಡಚಿದ್ದು ಮಡಚಿದಂತೆಯೇ ಉಳಿದು, ಮಾಂಸ ಬೆಳ್ಳಗಾಗಿ ತಳ ಸೇರತೊಡಗಿದವು. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಗಾಳಿ ಸಾಲದು ಎಂದು ಒಬ್ಬರು ಹೇಳಿದರೆ, ರೋಗ ಬಿದ್ದಿದೆ ಎಂದು ಇನ್ನೊಬ್ಬರು. ನಾಲ್ಕು ಮೂಟೆ ಅಡುಗೆ ಉಪ್ಪು ಸುರಿಯಿರಿ ಎಂದು ಮತ್ತೊಬ್ಬರ ಸಲಹೆ. ಯಾರ ಮಾತು ಕೇಳಲಿ?

ಉತ್ತರ (ಮೀನುಗಾರಿಕೆ ತಜ್ಞರು, ತುಮಕೂರು):

ಅಡುಗೆ ಉಪ್ಪನ್ನು ದಯವಿಟ್ಟು ಸುರಿಯಬೇಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ, ಈ ಒಂದು ಕೆಲಸ ಮಾತ್ರ ಇವತ್ತೇ ನಿಲ್ಲಲಿ.

ರೋಗ ಇಲ್ಲವೇ ಇಲ್ಲ ಎಂದು ಸತ್ತ ಮರಿಯನ್ನು ಕಣ್ಣಾರೆ ನೋಡದೆ ಹೇಳಲಾರೆ. ಆದರೆ ಮೈ ಸೆಟೆಯುವುದು, ಬಾಲ ಬಿಚ್ಚದಿರುವುದು, ಮಾಂಸ ಬೆಳ್ಳಗಾಗುವುದು ಇವು ಮೂರೂ ಒಟ್ಟಿಗೆ ಬಂದರೆ ಒಳನಾಡಿನ ಸವಳು ನೀರಿನಲ್ಲಿ ಸೀಗಡಿ ಸಾಕುವವರಿಗೆ ಮೊದಲು ಹೊಳೆಯುವ ಹೆಸರು ಪೊಟ್ಯಾಷಿಯಂ. ಅದರ ಬೆನ್ನಿಗೇ ಮೆಗ್ನೀಷಿಯಂ. ಇವುಗಳ ಕೊರತೆಗೆ ಮೊದಲು ಸೋಲುವ ಅಂಗ ಕಿವಿರು.

ಸತ್ತ ದೊಡ್ಡ ಸೀಗಡಿಯೊಂದು ಸಿಕ್ಕರೆ ತಲೆಚಿಪ್ಪಿನ ಒಂದು ಬದಿಯನ್ನು ಸಣ್ಣ ಕತ್ತರಿಯಿಂದ ಎತ್ತಿ ನೋಡಿ. ಕಾಲುಗಳ ಬುಡಕ್ಕೆ ಅಂಟಿಕೊಂಡು, ಕವಲೊಡೆದ ಎಳೆಗಳ ಸಾಲು ಕಾಣುತ್ತದೆ. ಅದೇ ಕಿವಿರು. ಅದು ಉಸಿರಾಡಲು ಇದೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಉಸಿರಾಟ ಅದರ ಅರ್ಧ ಕೆಲಸ. ಸೀಗಡಿಯ ಮೈಯೆಲ್ಲ ಗಟ್ಟಿ ಹೊರಕವಚ, ನೀರಿಗೂ ರಕ್ತಕ್ಕೂ ನಡುವೆ ತೆಳು ಪೊರೆ ಮಾತ್ರ ಇರುವ ಜಾಗ ಕಿವಿರು. ಆಮ್ಲಜನಕ ಸುಲಭವಾಗಿ ಒಳಬರುವ ಬಾಗಿಲಿನಲ್ಲಿ ನೀರೂ ನುಗ್ಗುತ್ತದೆ, ಉಪ್ಪೂ ಸೋರುತ್ತದೆ.

ಈಗ ನಿಮ್ಮ ಹೊಂಡದ ಲೆಕ್ಕ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ವನಾಮಿಯ ರಕ್ತದ ಸಾಂದ್ರತೆ ಸುಮಾರು 25 ಗ್ರಾಂ ಲವಣಾಂಶದ ನೀರಿಗೆ ಸಮ. ನಿಮ್ಮ ಹೊಂಡದಲ್ಲಿ ಇರುವುದು 2 ಗ್ರಾಂ ಚಿಲ್ಲರೆ. ಅಂದರೆ ನಮ್ಮ ನಾಲಿಗೆಗೆ ಸವಳಾದ ನೀರು ವನಾಮಿಗೆ ಬಹಳ ಸಪ್ಪೆ. ಹಗಲು ರಾತ್ರಿ ಎನ್ನದೆ ನೀರು ಕಿವಿರಿನ ಮೂಲಕ ಒಳಕ್ಕೆ ನುಗ್ಗುತ್ತದೆ. ಅದನ್ನು ಮೂತ್ರವಾಗಿ ಹೊರಹಾಕಿದಾಗ ಅದರ ಜೊತೆಯಲ್ಲಿ ಉಪ್ಪೂ ಹೋಗುತ್ತದೆ. ಕಳೆದುಕೊಂಡ ಉಪ್ಪನ್ನು ಅಷ್ಟು ತೆಳುವಾದ ನೀರಿನಿಂದ ಹೆಕ್ಕಿ ಮತ್ತೆ ರಕ್ತಕ್ಕೆ ಸೇರಿಸುವ ಹೊಣೆಯೂ ಕಿವಿರಿನದೇ.

ಈ ಹೆಕ್ಕುವ ಕೆಲಸ ನಡೆಸುವುದು ಕಿವಿರಿನ ಕೋಶಗಳ ಒಳಬದಿಯ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಷಿಯಂ ಪಂಪು. ಅದೊಂದು ಪ್ರೋಟೀನು. ಒಂದು ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಕೋಶದಿಂದ ರಕ್ತದ ಕಡೆಗೆ ತಳ್ಳುತ್ತದೆ, ಎರಡು ಪೊಟ್ಯಾಷಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೊಂದನ್ನು ಖರ್ಚು ಮಾಡುತ್ತದೆ. ಆ ಎರಡು ಪೊಟ್ಯಾಷಿಯಂ ಸಿಗದಿದ್ದರೆ ಪಂಪು ತಿರುಗುವುದಿಲ್ಲ. ಹೊಂಡದಲ್ಲಿ ಸೋಡಿಯಂ ಎಷ್ಟೇ ಇರಲಿ, ಅದನ್ನು ಒಳಕ್ಕೆ ತರುವವರು ಇರುವುದಿಲ್ಲ.

ಸಮುದ್ರದಲ್ಲಿ ಒಂದು ಪಾಲು ಪೊಟ್ಯಾಷಿಯಂಗೆ ಸುಮಾರು 28 ಪಾಲು ಸೋಡಿಯಂ ಇರುತ್ತದೆ. ಮೆಗ್ನೀಷಿಯಂ ಕ್ಯಾಲ್ಸಿಯಂನ ಮೂರರಷ್ಟು. ಒಳನಾಡಿನ ಅಂತರ್ಜಲದಲ್ಲಿ ಸಾಮಾನ್ಯವಾಗಿ ಈ ಲೆಕ್ಕ ತಲೆಕೆಳಗು. ಕ್ಯಾಲ್ಸಿಯಂ ಧಾರಾಳ, ಪೊಟ್ಯಾಷಿಯಂ ಬಡತನ. ಕಲ್ಲಿನಿಂದ ಕರಗಿ ಬಂದ ಪೊಟ್ಯಾಷಿಯಂ ಅನ್ನು ಜೇಡಿಮಣ್ಣು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಇಂತಹ ನೀರಿಗೆ ನೀವು ಅಡುಗೆ ಉಪ್ಪು ಸುರಿದರೆ ಸೋಡಿಯಂ ಇನ್ನೂ ಏರಿ ಪೊಟ್ಯಾಷಿಯಂನ ಪಾಲು ಮತ್ತಷ್ಟು ಕುಗ್ಗುತ್ತದೆ. ಟಿಡಿಎಸ್ ಚೀಟಿ ಇದನ್ನು ಹೇಳುವುದಿಲ್ಲ, ಎಲ್ಲ ಲವಣಗಳನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಸೋಡಿಯಂ, ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಲೋರೈಡ್, ಕ್ಷಾರತೆ ಇವನ್ನು ಬೇರೆ ಬೇರೆಯಾಗಿ ಅಳೆಸಿ ತನ್ನಿ.

ಇನ್ನೊಂದು ಮಾತು ಕೇಳಬೇಕಿದೆ. ಮರಿ ಎಷ್ಟು ದಿನದ್ದು? ಚೀಲದಿಂದ ನೇರವಾಗಿ ಹೊಂಡಕ್ಕೆ ಬಿಟ್ಟಿರಾ?

ಮಧುಗಿರಿಯ ಕೃಷಿಕರು:

ಮರಿ ಹತ್ತು ದಿನದ್ದೂ ಆಗಿರಲಿಲ್ಲ ಎಂದು ಕಾಣುತ್ತದೆ. ಚೀಲವನ್ನು ಹೊಂಡದಲ್ಲಿ ಅರ್ಧ ಗಂಟೆ ತೇಲಿಸಿ ಬಿಟ್ಟೆ.

ಉತ್ತರ:

ಚೀಲ ತೇಲಿಸಿದರೆ ನೀರಿನ ಬಿಸಿ ಸರಿಹೋಗುತ್ತದೆ, ಉಪ್ಪು ಸರಿಹೋಗುವುದಿಲ್ಲ. ಮರಿಕೇಂದ್ರದ ನೀರು ಸಮುದ್ರದ್ದು ಅಥವಾ ಅದರ ಹತ್ತಿರದ್ದು. ಅಲ್ಲಿಂದ 2 ಗ್ರಾಮಿಗೆ ಒಂದೇ ಜಿಗಿತ.

ಹತ್ತು ದಿನ ದಾಟದ ಮರಿಯ ಕಿವಿರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಎಳೆಗಳು ಕವಲೊಡೆಯುತ್ತಾ, ಪಂಪುಗಳಿಂದ ತುಂಬಿದ ಕೋಶಗಳು ಹೆಚ್ಚುತ್ತಾ ಹೋಗುವುದು ಆ ದಿನಗಳಲ್ಲಿಯೇ. ಆದ್ದರಿಂದ ಸಪ್ಪೆ ನೀರಿಗೆ ಇಳಿಸಬೇಕಾದ ಮರಿ ಹನ್ನೆರಡರಿಂದ ಹದಿನೈದು ದಿನವಾದರೂ ದಾಟಿರಬೇಕು ಎನ್ನುತ್ತಾರೆ. ಮರಿಕೇಂದ್ರದವರೇ ತೊಟ್ಟಿಯಲ್ಲಿ ಹಂತಹಂತವಾಗಿ ಲವಣಾಂಶ ಇಳಿಸಿ ಕೊಡುವಂತೆ ಮೊದಲೇ ಮಾತಾಡಿಕೊಳ್ಳಿ. ಮೇಲಿನ ಹಂತಗಳಲ್ಲಿ ಸ್ವಲ್ಪ ಬೇಗ ಇಳಿಸಿದರೂ ನಡೆಯುತ್ತದೆ. ಐದು ಗ್ರಾಮಿನಿಂದ ಕೆಳಕ್ಕೆ ಇಳಿಯುವ ಕೊನೆಯ ಹಂತದಲ್ಲಿ ಆತುರ ಮಾಡಬಾರದು. ಕೊನೆಯ ತೊಟ್ಟಿಯಲ್ಲಿ ನಿಮ್ಮ ಹೊಂಡದ ನೀರನ್ನೇ ಬಳಸಿ, ಒಂದು ದಿನವಾದರೂ ಅಲ್ಲಿಟ್ಟು, ಬದುಕಿದ ಮರಿಗಳನ್ನಷ್ಟೇ ಎಣಿಸಿ ಬಿಡಿ.

ನಿಧಾನ ಏಕೆ ಬೇಕು ಎಂಬುದನ್ನೂ ಹೇಳುತ್ತೇನೆ. ಉಪ್ಪು ಇಳಿದ ಕೆಲವೇ ನಿಮಿಷಗಳಲ್ಲಿ ಕಿವಿರಿನ ಕೋಶಗಳು ನೀರು ಕುಡಿದು ಉಬ್ಬುತ್ತವೆ. ಕೈಯಲ್ಲಿರುವ ಪಂಪುಗಳನ್ನೇ ಜೋರಾಗಿ ಓಡಿಸಿ ಆ ಹೊತ್ತನ್ನು ತಡೆದುಕೊಳ್ಳುತ್ತವೆ. ಹೊಸ ಪಂಪು ತಯಾರಾಗಬೇಕಾದರೆ ಜೀನು ಎಚ್ಚರಗೊಳ್ಳಬೇಕು, ಪ್ರೋಟೀನು ನೇಯಬೇಕು, ಅದು ಪೊರೆಗೆ ಹೋಗಿ ಕೂರಬೇಕು. ಇದಕ್ಕೆ ಗಂಟೆಗಳು, ದಿನಗಳು ಬೇಕು. ಕಿವಿರಿನ ಅಂಗಾಂಶವೇ ದಪ್ಪವಾಗಿ ಹೊಸ ನೀರಿಗೆ ಒಗ್ಗಲು ವಾರಗಳೇ ಹಿಡಿಯುತ್ತವೆ. ನಾವು ಅವಸರ ಮಾಡಿದರೆ ಆ ಪುಟ್ಟ ಜೀವಿಗೆ ಮೊದಲ ಹಂತ ದಾಟುವುದಕ್ಕೂ ಸಮಯ ಸಿಗುವುದಿಲ್ಲ.

ಪ್ರಶ್ನೆ (ತುಮಕೂರಿನ ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ):

ನಡುವೆ ಬಂದದ್ದಕ್ಕೆ ಕ್ಷಮಿಸಿ. ಉಸಿರಾಡಲು ಪೊರೆ ತೆಳುವಾಗಿರಬೇಕು. ಉಪ್ಪು ಹೆಕ್ಕುವ ಕೋಶ ದಪ್ಪವಾಗುತ್ತದೆ ಎನ್ನುತ್ತೀರಿ. ಎರಡೂ ಒಂದೇ ಅಂಗದಲ್ಲಿ ಹೇಗೆ ಸಾಧ್ಯ? ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಅಡ್ಡಿಯಲ್ಲವೇ?

ಉತ್ತರ:

ತುಂಬಾ ಒಳ್ಳೆಯ ಪ್ರಶ್ನೆ, ಮೇಡಂ. ಇದಕ್ಕೆ ಅತಿ ಸೊಗಸಾದ ಉತ್ತರ ಕೊಟ್ಟಿರುವುದು ಏಡಿ.

ಯುರೋಪಿನ ಕಡಲತೀರದ ಹಸಿರು ಏಡಿಯನ್ನು ಈ ವಿಷಯದಲ್ಲಿ ಬಹಳ ಅಧ್ಯಯನ ಮಾಡಿದ್ದಾರೆ. ಅದಕ್ಕೆ ಒಂಬತ್ತು ಜೊತೆ ಕಿವಿರು. ಮುಂದಿನವು ಹೆಚ್ಚಾಗಿ ಉಸಿರಾಟಕ್ಕೆ. ಅವುಗಳ ಪೊರೆ ಬಹಳ ತೆಳು. ಹಿಂದಿನ ಮೂರು ಜೊತೆ ಮುಖ್ಯವಾಗಿ ಉಪ್ಪಿನ ವ್ಯವಹಾರಕ್ಕೆ. ಅಲ್ಲಿನ ಕೋಶಗಳು ಹಲವು ಪಟ್ಟು ದಪ್ಪ. ಒಳಪೊರೆ ಮಡಿಕೆ ಮಡಿಕೆಯಾಗಿ ಕೋಶದ ಆಳಕ್ಕೆ ಇಳಿದಿರುತ್ತದೆ, ಮಡಿಕೆಗಳ ನಡುವೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾಗಳು ಒತ್ತಾಗಿ ಕೂತಿರುತ್ತವೆ. ಮಡಿಕೆ ಹೆಚ್ಚಿದಷ್ಟೂ ಪಂಪು ಕೂರಲು ಜಾಗ, ಪಕ್ಕದಲ್ಲೇ ಎಟಿಪಿ. ನೀವು ಹೇಳಿದ ಇಕ್ಕಟ್ಟನ್ನು ಏಡಿ ಕೆಲಸ ಹಂಚಿ ಬಗೆಹರಿಸಿಕೊಂಡಿದೆ.

ಇದನ್ನು ಬರಿಗಣ್ಣಿಗೇ ತೋರಿಸುವ ಹಳೆಯ ವಿಧಾನವೊಂದಿದೆ. ಕಿವಿರನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ತೆಳುವಾದ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಕೊಂಚ ಹೊತ್ತು ಇಟ್ಟು, ಬೆಳಕಿಗೆ ಹಿಡಿಯುತ್ತಾರೆ. ಕ್ಲೋರೈಡ್ ದಾಟಬಲ್ಲ ಜಾಗದಲ್ಲಿ ಬೆಳ್ಳಿ ಕೂತು ಕಂದುಗಪ್ಪಾಗುತ್ತದೆ. ಹಿಂದಿನ ಕಿವಿರಿನ ಹಾಳೆಗಳ ಮೇಲೆ ಸ್ಪಷ್ಟವಾದ ಕಪ್ಪು ಪಟ್ಟಿ ಮೂಡಿ, ಅದರ ಸುತ್ತಲಿನ ಅಂಚು ತಿಳಿಯಾಗಿಯೇ ಉಳಿಯುತ್ತದೆ. ಇದನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಕಿವಿರು ಬರೀ ಉಸಿರಾಟದ ಅಂಗ ಎಂದು ಮತ್ತೆ ಬರೆಯಲಾರ.

ನಿಮ್ಮ ತರಗತಿಗೆ ಇನ್ನೊಂದು ವಿಷಯವೂ ಆಗಬಹುದು. ಈ ಸೋಡಿಯಂ-ಪೊಟ್ಯಾಷಿಯಂ ಪಂಪನ್ನು ಮೊದಲು ಗುರುತಿಸಿದ್ದೇ ಏಡಿಯಲ್ಲಿ. ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರು ಇದೇ ತೀರದ ಏಡಿಯ ಕಾಲಿನ ನರಗಳನ್ನು ಅರೆದು, ಎಟಿಪಿಯನ್ನು ಒಡೆಯುವ ಕಿಣ್ವವೊಂದು ಸೋಡಿಯಂ ಮತ್ತು ಪೊಟ್ಯಾಷಿಯಂ ಎರಡೂ ಇದ್ದಾಗ ಹುರುಪುಗೊಳ್ಳುತ್ತದೆ ಎಂದು 1957ರಲ್ಲಿ ಪ್ರಕಟಿಸಿದರು. ಅದಕ್ಕೆ 1997ರ ರಸಾಯನವಿಜ್ಞಾನ ನೊಬೆಲ್‌ನಲ್ಲಿ ಅವರಿಗೆ ಪಾಲು ದೊರೆಯಿತು. ನಮ್ಮ ನರ, ಮೂತ್ರಪಿಂಡ, ಹೃದಯ ಎಲ್ಲದರಲ್ಲೂ ಇರುವುದು ಅದೇ ಪಂಪು. ಮಧುಗಿರಿಯ ಹೊಂಡದಲ್ಲಿ ಸೆಟೆದ ಸೀಗಡಿಯನ್ನೂ ಪೊಟ್ಯಾಷಿಯಂ ಇಳಿದು ಸ್ನಾಯು ಸೋತ ರೋಗಿಯನ್ನೂ ಒಂದೇ ಪಾಠದಲ್ಲಿ ಕಲಿಸಬಹುದು.

ಪ್ರಶ್ನೆ (ಚಿಕ್ಕಬಳ್ಳಾಪುರದ ಗೃಹಿಣಿ):

ನಾನು ಸಾಕುವವಳಲ್ಲ, ಅಡುಗೆ ಮಾಡುವವಳು. ಸಮುದ್ರದ ಸೀಗಡಿಗೆ ಇರುವ ಸಿಹಿರುಚಿ ಹೊಂಡದ ಸೀಗಡಿಗೆ ಕಡಿಮೆ ಎನಿಸುತ್ತದೆ. ಮಸಾಲೆ ಅದೇ. ಇದಕ್ಕೂ ಉಪ್ಪಿಗೂ ಏನಾದರೂ ಸಂಬಂಧ ಇದೆಯೇ?

ಉತ್ತರ:

ಇದೆ. ನಿಮ್ಮ ನಾಲಿಗೆ ಸರಿಯಾಗಿಯೇ ಗುರುತಿಸಿದೆ.

ಉಪ್ಪು ಹೆಚ್ಚಿರುವ ನೀರಿನಲ್ಲಿ ಬದುಕುವ ಸೀಗಡಿ, ಏಡಿ, ಚಿಪ್ಪುಜೀವಿಗಳ ಕೋಶಗಳು ಹೊರಗಿನ ಸಾಂದ್ರತೆಗೆ ಸರಿದೂಗಬೇಕು. ಇಲ್ಲದಿದ್ದರೆ ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳಿನಂತೆ ನೀರು ಬಿಟ್ಟು ಸುರುಟಿಕೊಳ್ಳುತ್ತವೆ. ಕೋಶದೊಳಗೆ ಬರೀ ಸೋಡಿಯಂ ತುಂಬಿಕೊಂಡರೆ ಪ್ರೋಟೀನುಗಳು ಕೆಡುತ್ತವೆ. ಹಾಗಾಗಿ ಅವು ಗ್ಲೈಸೀನ್, ಅಲನೀನ್, ಪ್ರೋಲೀನ್, ಟಾರೀನ್, ಬೀಟೈನ್ ಮುಂತಾದ ಸಣ್ಣ ಅಣುಗಳನ್ನು (ಹೆಚ್ಚಿನವು ಅಮೈನೋ ಆಮ್ಲಗಳು) ಕೂಡಿಟ್ಟುಕೊಳ್ಳುತ್ತವೆ. ಗ್ಲೈಸೀನ್ ಮತ್ತು ಅಲನೀನ್ ನಾಲಿಗೆಗೆ ಸಿಹಿ. ನೀರು ಸಪ್ಪೆಯಾದಾಗ ಇವನ್ನೇ ಹೊರಬಿಟ್ಟು ಅಥವಾ ಒಡೆದು ಅಮೋನಿಯಾ ಮಾಡಿ ಕಿವಿರಿನಿಂದ ಸಾಗಹಾಕುತ್ತವೆ. ರುಚಿಯೂ ಅದರೊಂದಿಗೆ ಇಳಿಯುತ್ತದೆ. ಮಾರುಕಟ್ಟೆಗೆ ಬಂದು ಎಷ್ಟು ಹೊತ್ತಾಯಿತು, ಮಂಜುಗಡ್ಡೆಯಲ್ಲಿ ಹೇಗೆ ಇಟ್ಟಿದ್ದರು ಎಂಬುದರಿಂದಲೂ ರುಚಿ ಕೆಡುತ್ತದೆ. ಆದರೆ ಮೂಲ ಇಲ್ಲಿದೆ.

ಪ್ರಶ್ನೆ (ಕೋಲಾರದ ಪದವಿ ವಿದ್ಯಾರ್ಥಿ):

ಸರ್, ನಮ್ಮ ಊರಿನ ಕೆರೆಯ ಅಂಚಿನಲ್ಲಿ ಕಪ್ಪೆಚಿಪ್ಪುಗಳು ಸಿಗುತ್ತವೆ. ಈಗ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧೀಕರಿಸಿದ ನೀರು ಬರುತ್ತಿದೆ. ಉಪ್ಪಿನಂಶ ಬದಲಾದರೆ ಇವುಗಳ ಕಿವಿರಿಗೆ ಏನಾಗುತ್ತದೆ ಎಂದು ಕಿರು ಯೋಜನೆ ಮಾಡಬೇಕೆಂದಿದ್ದೇನೆ. ಸ್ನೇಹಿತರು ಹೇಳುವ ಪ್ರಕಾರ ಅವು ಚಿಪ್ಪು ಮುಚ್ಚಿಕೊಂಡು ಬಿಡುತ್ತವೆ, ಏನೂ ಆಗುವುದಿಲ್ಲ.

ಉತ್ತರ:

ಮುಚ್ಚಿಕೊಳ್ಳುವುದು ನಿಜ, ಏನೂ ಆಗುವುದಿಲ್ಲ ಎಂಬುದು ನಿಜವಲ್ಲ. ಮುಚ್ಚಿದ ಚಿಪ್ಪಿನೊಳಗೆ ಹೊಸ ಆಮ್ಲಜನಕ ಇಲ್ಲ, ಆಹಾರ ಇಲ್ಲ, ತ್ಯಾಜ್ಯ ಹೊರಹೋಗುವುದಿಲ್ಲ. ಕಡಲತೀರದ ಚಿಪ್ಪುಜೀವಿಗಳಿಗೆ ಇದು ಉಬ್ಬರವಿಳಿತದ ನಡುವೆ ಕೆಲವು ಗಂಟೆ ತಳ್ಳುವ ಉಪಾಯ. ನಾನು ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಅಲ್ಲಿ ನೇತ್ರಾವತಿ-ಗುರುಪುರ ಅಳಿವೆಯ ನೀರು ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗಿರುತ್ತದೆ. ಮುಂಗಾರು ಹಿಡಿದರೆ ಬಹುತೇಕ ಸಿಹಿ. ಮಳೆ ಬಿಟ್ಟೂಬಿಡದೆ ಸುರಿದು ಹೊಳೆ ತುಂಬಿ ಬರುತ್ತಿದ್ದರೆ ಚಿಪ್ಪು ಎಂದಾದರೂ ತೆರೆಯಲೇಬೇಕು. ತೆರೆದಾಗ ಬಡಿತ ಬೀಳುವುದು ಕಿವಿರಿಗೆ. ಎಳೆಗಳು ಉಬ್ಬುತ್ತವೆ, ಲೋಳೆ ಹೆಚ್ಚುತ್ತದೆ, ರಕ್ತಕೋಶಗಳು ಬಂದು ಗುಂಪುಗೂಡುತ್ತವೆ, ಪರಿಸ್ಥಿತಿ ಮುಂದುವರಿದರೆ ಎಳೆಗಳ ಮೇಲಿನ ಸೂಕ್ಷ್ಮ ರೋಮಗಳು ಉದುರುತ್ತವೆ. ಅಲ್ಲಿನ ಮರುವಾಯಿ ಎಂಬ ಚಿಪ್ಪುಜೀವಿಯ ರಕ್ತ ಸುತ್ತಲಿನ ನೀರಿನಷ್ಟೇ ಸಾಂದ್ರವಾಗಿರುತ್ತದೆ. ಏಡಿಯಂತೆ ರಕ್ತವನ್ನು ಕಾಪಾಡುವ ಗೋಜಿಗೆ ಅದು ಹೋಗುವುದಿಲ್ಲ. ಮೇಲೆ ಹೇಳಿದ ಅಮೈನೋ ಆಮ್ಲಗಳನ್ನು ಕೂಡಿಸಿ ಕಳೆದು ಪ್ರತಿ ಕೋಶವೂ ತನ್ನ ಗಾತ್ರವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ನಿಮ್ಮ ಕೆರೆಯ ಕಪ್ಪೆಚಿಪ್ಪಿನ ಕಥೆ ಬೇರೆ. ಅದು ಸಿಹಿನೀರಿನ ಜೀವಿ. ಅದರ ರಕ್ತ ಪ್ರಾಣಿಲೋಕದಲ್ಲೇ ಅತಿ ತೆಳುವಾದವುಗಳಲ್ಲಿ ಒಂದು. ನಮ್ಮ ರಕ್ತದ ಸಾಂದ್ರತೆಯ ಐದನೇ ಒಂದು ಪಾಲಿನಷ್ಟು ಎಂದಿಟ್ಟುಕೊಳ್ಳಿ. ರಕ್ತವನ್ನೇ ಅಷ್ಟು ತೆಳುವಾಗಿ ಇಟ್ಟುಕೊಂಡರೆ ಸೋರಿಕೆಯೂ ಕಡಿಮೆ, ಹೆಕ್ಕುವ ಖರ್ಚೂ ಕಡಿಮೆ. ಮಳೆ ನೀರಿನ ಕೆರೆಗೆ ಹೇಳಿ ಮಾಡಿಸಿದ ಬದುಕು. ಅದೇ ಕಾರಣಕ್ಕೆ ನೀರಿಗೆ ಉಪ್ಪು ಏರಿದರೆ ಅದಕ್ಕೆ ಹಿಂದೆ ಸರಿಯಲು ಜಾಗವಿಲ್ಲ.

ಈಗ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ನೀರು ಬಂದದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬತ್ತಿದ ಕೆರೆಯಲ್ಲಿ ಕಪ್ಪೆಚಿಪ್ಪು ಬದುಕುವ ಮಾತೇ ಇಲ್ಲ. ಆದರೆ ಈ ಬಗೆಯ ಶುದ್ಧೀಕರಣ ಕೊಳೆಯುವ ವಸ್ತುವನ್ನು ತೆಗೆಯುತ್ತದೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಸಾಬೂನು, ಮೂತ್ರ, ಅಡುಗೆಮನೆಯ ಉಪ್ಪು ಎಲ್ಲ ನೀರಿನ ಜೊತೆಯೇ ಬರುತ್ತದೆ. ಮಳೆಗೆ ಕೋಡಿ ಬೀಳುವ ಕೆರೆಯಲ್ಲಿ ಉಪ್ಪು ಕೊಚ್ಚಿ ಹೋಗುತ್ತದೆ. ಕೋಡಿ ಬೀಳದ ಕೆರೆಯಲ್ಲಿ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ನಿಮ್ಮ ಯೋಜನೆಗೆ ಎರಡೂ ಬಗೆಯ ಕೆರೆ ಆರಿಸಿಕೊಂಡರೆ ಹೋಲಿಕೆಗೆ ಅರ್ಥ ಬರುತ್ತದೆ.

ದೊಡ್ಡ ಚಿಪ್ಪುಗಳು ಬದುಕಿವೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹೆಣ್ಣು ಕಪ್ಪೆಚಿಪ್ಪು ಮೊಟ್ಟೆಗಳನ್ನು ಕಾಪಾಡುವುದು ತನ್ನ ಕಿವಿರಿನ ಪದರಗಳ ನಡುವೆ. ಉಸಿರು, ಆಹಾರ ಸೋಸುವುದು, ಉಪ್ಪು ಹೆಕ್ಕುವುದು, ಜೊತೆಗೆ ಬಾಣಂತನ, ಎಲ್ಲವೂ ಒಂದೇ ಅಂಗದಲ್ಲಿ. ಅಲ್ಲಿಂದ ಹೊರಬರುವ ಗ್ಲಾಕಿಡಿಯಾ ಎಂಬ ಮರಿಗಳು ಮೀನಿನ ಕಿವಿರು ಅಥವಾ ರೆಕ್ಕೆಗೆ ಕಚ್ಚಿಕೊಂಡು ಕೆಲವು ದಿನ ಬೆಳೆಯುತ್ತವೆ. ನೀರಿನಲ್ಲಿ ತೇಲುತ್ತಾ ಮೀನಿಗಾಗಿ ಕಾಯುವ ಆ ಹೊತ್ತಿನಲ್ಲಿ ಕ್ಲೋರೈಡ್‌ಗೆ ಅವು ಬಹಳ ಸೂಕ್ಷ್ಮ. ತಾಯಿ ಚಿಪ್ಪು ತಡೆದುಕೊಳ್ಳುವ ಉಪ್ಪು ಮರಿಯನ್ನು ಕೊಲ್ಲಬಲ್ಲದು. ಆದ್ದರಿಂದ ಕೆರೆಯಂಚಿನಲ್ಲಿ ಚಿಪ್ಪುಗಳ ಉದ್ದ ಅಳೆಯಿರಿ. ಸಣ್ಣವು ಸಿಗದೆ ಬರೀ ದೊಡ್ಡವು ಸಿಕ್ಕರೆ ಅಲ್ಲಿ ಹೊಸ ಪೀಳಿಗೆ ಬರುತ್ತಿದೆಯೇ ಎಂದು ಅನುಮಾನಿಸಬೇಕು.

ಅಮೋನಿಯಾವನ್ನೂ ಅಳೆಯಿರಿ. ಅದು ಕಪ್ಪೆಚಿಪ್ಪಿಗೆ ಉಪ್ಪಿನಷ್ಟೇ ದೊಡ್ಡ ಶತ್ರು. ಪಾಚಿ ಕಟ್ಟಿದ ಹಸಿರು ನೀರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರುತ್ತದೆ, ಅದರೊಂದಿಗೆ ಅಮೋನಿಯಾದ ವಿಷವೂ ಏರುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾದರಿ ತೆಗೆಯಿರಿ.

ಕೋಲಾರದ ವಿದ್ಯಾರ್ಥಿ:

ಕಿವಿರನ್ನು ನೇರವಾಗಿ ನೋಡುವ ಪ್ರಯೋಗ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಸಾಧ್ಯವೇ?

ಉತ್ತರ:

ಸಾಧ್ಯ. ತರಗತಿಗೆಲ್ಲ ಒಂದು ಕಪ್ಪೆಚಿಪ್ಪು ಸಾಕು, ಬುಟ್ಟಿ ತುಂಬ ತರಬೇಡಿ.

ಚಿಪ್ಪಿನ ಎರಡು ತುದಿಗಳಲ್ಲಿರುವ ಮುಚ್ಚು ಸ್ನಾಯುಗಳನ್ನು ತೆಳು ಚಾಕುವಿನಿಂದ ಕತ್ತರಿಸಿದರೆ ಚಿಪ್ಪು ಸಡಿಲವಾಗುತ್ತದೆ. ಒಳಗೆ ಪಾದದ ಎರಡೂ ಬದಿಗೆ ತೂಗಿಬಿದ್ದ ಕಂದು ಹಾಳೆಗಳೇ ಕಿವಿರು. ಅಂಚಿನಿಂದ ಅಕ್ಕಿಕಾಳಿನಷ್ಟು ಚೂರನ್ನು ಕತ್ತರಿಸಿ, ಅದೇ ಕೆರೆಯ ನೀರಿನ ಹನಿಯಲ್ಲಿ ಗಾಜಿನ ಪಟ್ಟಿಯ ಮೇಲಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಸೂಜಿಯಿಂದ ಎಳೆಗಳನ್ನು ಬಿಡಿಸಿ, ಮೇಲೆ ತೆಳುಗಾಜು ಮುಚ್ಚಿ, ಬೆಳಕನ್ನು ತಗ್ಗಿಸಿ ನೋಡಿ. ಎಳೆಗಳ ಅಂಚಿನುದ್ದಕ್ಕೂ ಒಂದು ಮಿನುಗು ಓಡುತ್ತಿರುತ್ತದೆ. ಹೆಚ್ಚು ವರ್ಧನೆಗೆ ಹೋದರೆ ಆ ಮಿನುಗು ಸಾವಿರಾರು ರೋಮಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಬಾಗಿ ಏಳುತ್ತಾ ಅಲೆ ಹರಿಸುತ್ತಿರುತ್ತವೆ. ಪಾಚಿಯ ಕಣವೊಂದು ಅವುಗಳ ಹತ್ತಿರ ಬಂದರೆ ಸಾಲಿನುದ್ದಕ್ಕೂ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ಪ್ರಾಣಿಯಿಂದ ಬೇರ್ಪಟ್ಟ ಚೂರು ಕೂಡ ಬಹಳ ಹೊತ್ತು ಹೀಗೆ ದುಡಿಯುತ್ತಲೇ ಇರುತ್ತದೆ.

ಈಗ ಗಾಜಿನ ಒಂದು ಅಂಚಿಗೆ ಲೀಟರಿಗೆ 2 ಗ್ರಾಂ ಉಪ್ಪು ಕರಗಿಸಿದ ಕೆರೆ ನೀರಿನ ಹನಿ ಇಟ್ಟು, ಎದುರು ಅಂಚಿನಿಂದ ಸೋಸುಕಾಗದದಲ್ಲಿ ಹೀರಿ. ನೀರು ಬದಲಾಗುತ್ತದೆ, ಚೂರು ಕದಲುವುದಿಲ್ಲ. ಕಣವೊಂದು ಇಂತಿಷ್ಟು ದೂರ ಸಾಗಲು ಹಿಡಿಯುವ ಸಮಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಅಳೆಯಿರಿ. ಆಮೇಲೆ 5 ಗ್ರಾಂ, 10 ಗ್ರಾಂ. ಪ್ರತಿ ಸಲ ಹೊಸ ಚೂರು ತೆಗೆದುಕೊಳ್ಳಿ, ಪ್ರತಿ ಸಲ ಕೊನೆಗೆ ಬರೀ ಕೆರೆ ನೀರಿಗೆ ಮರಳಿಸಿ ಚೇತರಿಸಿಕೊಂಡಿತೇ ಎಂದು ನೋಡಿ. ನಿಂತ ರೋಮ ಸತ್ತ ರೋಮವೇ ಎಂಬುದಕ್ಕೆ ಉತ್ತರ ಸಿಗುವುದು ಈ ಮರಳಿಸುವ ಹಂತದಲ್ಲಿ, ಬಹಳ ಮಂದಿ ಇದನ್ನೇ ಬಿಟ್ಟುಬಿಡುತ್ತಾರೆ. ರೋಮ ನಿಧಾನವಾದರೆ ಜೀವಿಗೆ ಉಸಿರೂ ಕಡಿಮೆ, ಊಟವೂ ಕಡಿಮೆ. ಕೆರೆಗಾಗುವ ನಷ್ಟವೂ ಇದೆ, ಏಕೆಂದರೆ ನೀರನ್ನು ಸೋಸಿ ತಿಳಿಮಾಡುವ ಕೆಲಸ ಈ ರೋಮಗಳದ್ದೇ.

ಮಧುಗಿರಿಯ ಕೃಷಿಕರು:

ನೀರಿನ ವರದಿ ಬಂತು. ಪೊಟ್ಯಾಷಿಯಂ ಲೀಟರಿಗೆ 6 ಮಿಲಿಗ್ರಾಂ. ಮೆಗ್ನೀಷಿಯಂ ಕ್ಯಾಲ್ಸಿಯಂಗಿಂತ ಕಡಿಮೆ. ಹೊಂಡದಲ್ಲಿ ಸುಮಾರು ಹತ್ತು ಲಕ್ಷ ಲೀಟರ್ ನೀರಿದೆ. ಗೊಬ್ಬರದ ಅಂಗಡಿಯ ಪೊಟ್ಯಾಷ್ ಹಾಕಬಹುದೇ?

ಉತ್ತರ:

ಹಾಕಬಹುದು. ಲೆಕ್ಕ ಇಟ್ಟು ಹಾಕಿ.

ಲವಣಾಂಶದ ಪ್ರತಿ ಗ್ರಾಮಿಗೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 10.7 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ನಿಮ್ಮ 2.1 ಗ್ರಾಮಿಗೆ ಅದು 22 ಮಿಲಿಗ್ರಾಂ ಆಗುತ್ತದೆ. ಇರುವುದು 6, ಬೇಕಾದದ್ದು ಇನ್ನು 16. ಹತ್ತು ಲಕ್ಷ ಲೀಟರಿಗೆ 16 ಕಿಲೋ ಪೊಟ್ಯಾಷಿಯಂ. ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ (ಅಂದರೆ ಪೊಟ್ಯಾಷಿಯಂ ಕ್ಲೋರೈಡ್) ತೂಕದ ಅರ್ಧದಷ್ಟು ಪೊಟ್ಯಾಷಿಯಂ ಇರುವುದರಿಂದ ಸುಮಾರು 32 ಕಿಲೋ ಬೇಕು. ಬಿಳಿಯದು ಸಿಕ್ಕರೆ ಅದನ್ನೇ ತನ್ನಿ. ಒಮ್ಮೆಗೇ ಸುರಿಯದೆ ಡ್ರಮ್ಮಿನಲ್ಲಿ ಕರಗಿಸಿ, ಗಾಳಿಯಂತ್ರ ಓಡುತ್ತಿರುವಾಗ ಹೊಂಡದ ಸುತ್ತ ಎರಚಿ, ಎರಡು ಮೂರು ದಿನಕ್ಕೆ ಹಂಚಿ ಹಾಕಿ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಹಾಕಿದ್ದು ನೀರಿನಲ್ಲೇ ಉಳಿಯುತ್ತದೆ. ಮಣ್ಣಿನ ತಳವಾದರೆ ಜೇಡಿ ಅದನ್ನು ಹೀರುತ್ತದೆ, ಹದಿನೈದು ದಿನಕ್ಕೊಮ್ಮೆ ಅಳೆಸಿ ಕೊರತೆ ತುಂಬಬೇಕಾಗುತ್ತದೆ. ಮೆಗ್ನೀಷಿಯಂಗೆ ಮೆಗ್ನೀಷಿಯಂ ಸಲ್ಫೇಟ್ ಬಳಸಿ. ಉಳಿದಿರುವ ಮರಿಗಳು ಈಗಾಗಲೇ ಸೊರಗಿದ್ದರೆ ಎಲ್ಲವೂ ಚೇತರಿಸಿಕೊಳ್ಳುತ್ತವೆ ಎಂದು ಮಾತು ಕೊಡಲಾರೆ.

ವನಾಮಿ ನಮ್ಮ ದೇಶದ್ದಲ್ಲ, ಅಮೆರಿಕ ಖಂಡದ ಪೆಸಿಫಿಕ್ ತೀರದ್ದು. ಮುಂದಿನ ಸಲ ಮರಿ ತರುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಅನುಮತಿ, ನೋಂದಣಿ ವಿಚಾರಿಸಿ. ಹರಿಯಾಣ, ಪಂಜಾಬ್ ಕಡೆ ಸವಳು ಭೂಮಿಯಲ್ಲಿ ಇದೇ ಪೊಟ್ಯಾಷ್ ಲೆಕ್ಕ ಹಿಡಿದು ಸಾಕುತ್ತಿದ್ದಾರೆ. ರೋಹ್ಟಕ್ ಹತ್ತಿರದ ಲಾಹ್ಲಿಯಲ್ಲಿ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯ ಕೇಂದ್ರವೂ ಈ ಕೆಲಸ ಮಾಡಿದೆ. ಅಲ್ಲಿನ ಅಂತರ್ಜಲ ನಿಮ್ಮದಕ್ಕಿಂತ ಹೆಚ್ಚು ಉಪ್ಪಿನದು, ಆದ್ದರಿಂದ ಅವರ ಇಳುವರಿಯ ಅಂಕಿಗಳನ್ನು ನಿಮ್ಮ ಹೊಂಡಕ್ಕೆ ಹಾಗೆಯೇ ಅಂಟಿಸಬೇಡಿ.

ಮಧುಗಿರಿಯ ಕೃಷಿಕರು:

ಕೊಯ್ಲಿನ ನಂತರ ಹೊಂಡದ ನೀರನ್ನು ಕೆಳಗಿನ ಕೆರೆಗೆ ಬಿಡಬಹುದಲ್ಲವೇ? ಗೊಬ್ಬರದ ನೀರು, ಕೆರೆ ಮೀನಿಗೂ ಒಳ್ಳೆಯದು ಎನ್ನುತ್ತಾರೆ.

ಉತ್ತರ:

ಬಿಡಬೇಡಿ. ನಿಮ್ಮ ಸೀಗಡಿಯನ್ನು ಉಳಿಸುವ ಪೊಟ್ಯಾಷಿಯಂ ಸಿಹಿನೀರಿನ ಚಿಪ್ಪುಜೀವಿಗಳಿಗೆ ವಿಷ. ಅಮೆರಿಕದ ವರ್ಜೀನಿಯಾದಲ್ಲಿ ನೀರು ತುಂಬಿದ ಹಳೆಯ ಕಲ್ಲುಗಣಿಯೊಂದಕ್ಕೆ ಹೊರಗಿನಿಂದ ಬಂದು ಸೇರಿದ್ದ ಜೀಬ್ರಾ ಚಿಪ್ಪುಗಳನ್ನು 2006ರಲ್ಲಿ ಪೂರ್ತಿ ನಿರ್ಮೂಲ ಮಾಡಿದ್ದು ಇದೇ ಪೊಟ್ಯಾಷಿಯಂ ಕ್ಲೋರೈಡ್‌ನಿಂದ. ಅಲ್ಲಿ ಲೀಟರಿಗೆ ಸುಮಾರು 100 ಮಿಲಿಗ್ರಾಂ ಪೊಟ್ಯಾಷಿಯಂ ಆಗುವಷ್ಟು ಹಾಕಿದ್ದರು. ಮೀನುಗಳು ಉಳಿದವು, ಚಿಪ್ಪುಗಳ ಕಿವಿರು ಕೆಟ್ಟು ಅವು ಸತ್ತವು. ನಿಮ್ಮ ಹೊಂಡದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ ವರ್ಷವರ್ಷವೂ ಬಿಟ್ಟರೆ, ಕೋಡಿ ಬೀಳದ ಕೆರೆಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಕೋಲಾರದ ಹುಡುಗನಿಗೆ ಹೇಳಿದ್ದೇ ನಿಮ್ಮ ಕೆಳಗಿನ ಕೆರೆಗೂ ಅನ್ವಯಿಸುತ್ತದೆ.

ನೀರನ್ನು ಹೊಂಡದಲ್ಲೇ ಉಳಿಸಿಕೊಂಡು ಮುಂದಿನ ಬೆಳೆಗೂ ಅದನ್ನೇ ಬಳಸಿ. ಪೊಟ್ಯಾಷ್ ಖರ್ಚೂ ಉಳಿಯುತ್ತದೆ. ಆವಿಯಾದಷ್ಟಕ್ಕೆ ಮಳೆ ನೀರು ಸೇರಿಸಿ, ಕೊಳವೆಬಾವಿ ನೀರನ್ನಲ್ಲ. ಹೊಂಡ ಒಣಗಿಸಲೇಬೇಕಾದರೆ ಪಕ್ಕದಲ್ಲಿ ಹಾಳೆ ಹಾಸಿದ ಇನ್ನೊಂದು ಗುಂಡಿ ಇರಲಿ, ಅಲ್ಲಿಗೆ ಎತ್ತಿಡಿ. ನಿಮ್ಮ ಅಡಿಕೆಗೇ ಒಗ್ಗದ ಸವಳು ನೀರನ್ನು ಪಕ್ಕದವರ ರಾಗಿ ಹೊಲಕ್ಕೆ ಹರಿಸಿದರೆ ಸಂಬಂಧವೂ ಕೆಡುತ್ತದೆ, ಮಣ್ಣೂ ಕೆಡುತ್ತದೆ.

ಇಷ್ಟೆಲ್ಲ ಏರ್ಪಾಡು ಕಷ್ಟ ಎನಿಸಿದರೆ ವನಾಮಿಯನ್ನು ಬಿಟ್ಟು ಸಿಹಿನೀರಿನ ದೊಡ್ಡ ಸೀಗಡಿಯ ಕಡೆ ನೋಡಿ. ಅದರ ಮರಿಗೆ ಮಾತ್ರ ಮೊದಲ ಹಂತದಲ್ಲಿ ಲೀಟರಿಗೆ 12 ಗ್ರಾಂ ಆಸುಪಾಸಿನ ಉಪ್ಪು ನೀರು ಬೇಕು, ಅದನ್ನು ಮರಿಕೇಂದ್ರದವರು ನೋಡಿಕೊಳ್ಳುತ್ತಾರೆ. ಆಮೇಲೆ ಅದರ ಕಿವಿರು ಸಿಹಿನೀರಿನಲ್ಲೇ ಉಪ್ಪು ಹೆಕ್ಕಿಕೊಂಡು ಬದುಕುತ್ತದೆ. ನಿಮ್ಮ ನೀರಿನ ಗಡಸುತನ ಹೆಚ್ಚಿದ್ದರೆ ಬೆಳವಣಿಗೆ ಕುಂಠಿತವಾಗುತ್ತದೆ. ವರದಿಯ ಎರಡನೇ ಪುಟದಲ್ಲಿ ಗಡಸುತನದ ಅಂಕಿ ಇರಬೇಕು, ಅದರ ಚಿತ್ರ ಕಳುಹಿಸಿ, ನೋಡಿ ಹೇಳುತ್ತೇನೆ.